ಗಾಲ್ಜಿಬಾಗ ಕಡಲತೀರಕ್ಕೆ ವಯಸ್ಸಾದ ತಾಯಿ, ಮಕ್ಕಳೊಂದಿಗೆ ಹೋಗಬಹುದೇ?

ಪ್ರಶ್ನೆ (ಪುಣೆಯಿಂದ):
ಜನವರಿ ಕೊನೆಯಲ್ಲಿ ಎಪ್ಪತ್ತು ದಾಟಿದ ನನ್ನ ತಾಯಿ ಮತ್ತು ಇಬ್ಬರು ಮಕ್ಕಳೊಂದಿಗೆ ಗೋವಾಕ್ಕೆ ಬರಬೇಕೆಂದಿದ್ದೇವೆ. ಬಾಗಾ, ಕಲಂಗುಟ್ ಕಡೆಯ ಗದ್ದಲ ಅಮ್ಮನಿಗೆ ಒಗ್ಗುವುದಿಲ್ಲ. ದಕ್ಷಿಣದ ಕಾಣಕೋಣ ತಾಲ್ಲೂಕಿನ ಗಾಲ್ಜಿಬಾಗ ಬಹಳ ಶಾಂತವಾದ ಊರು, ಅಲ್ಲಿ ಕಡಲಾಮೆಗಳೂ ಬರುತ್ತವೆ ಎಂದು ಕೇಳಿದ್ದೇವೆ. ಅಲ್ಲಿಯೇ ಉಳಿದುಕೊಳ್ಳುವುದು ಸೂಕ್ತವೇ, ಮಕ್ಕಳು ನೀರಿಗಿಳಿಯಬಹುದೇ, ರಾತ್ರಿ ಆಮೆಗಳನ್ನು ನೋಡಬಹುದೇ ಎಂಬುದನ್ನು ಗೋವಾದಲ್ಲಿರುವ ಕನ್ನಡಿಗರು ದಯವಿಟ್ಟು ತಿಳಿಸಬೇಕು.

ಉತ್ತರ (ಮಡಗಾಂವ್‌ನಿಂದ):
ಖಂಡಿತ ಬನ್ನಿ. ಆದರೆ ಗಾಲ್ಜಿಬಾಗವನ್ನು ಹಗಲಿನಲ್ಲಿ ನೋಡಿಕೊಂಡು, ರಾತ್ರಿ ಹತ್ತಿರದ ಪಾಲೋಲೆಂ ಕಡಲತೀರದಲ್ಲಿ ಉಳಿಯುವುದು ಒಳ್ಳೆಯದು.

ಗಾಲ್ಜಿಬಾಗದ ತೀರ ಇಂದಿಗೂ ಇಷ್ಟು ನಿಶ್ಶಬ್ದವಾಗಿ ಉಳಿದಿರುವುದಕ್ಕೆ ಆಲಿವ್ ರಿಡ್ಲೆ ಕಡಲಾಮೆಗಳೇ ದೊಡ್ಡ ಕಾರಣ. ಅಗೊಂಡ, ಮೊರ್ಜಿಂ, ಮಾಂದ್ರೆಗಳಂತೆ ಇದೂ ಅವು ಮೊಟ್ಟೆಯಿಡುವ ಜಾಗವಾದ್ದರಿಂದ ಅರಣ್ಯ ಇಲಾಖೆ ಇಲ್ಲಿ ಕಾವಲಿಡುತ್ತದೆ. ಗಾಳಿಮರಗಳ ಸಾಲು ದಾಟಿ ಮರಳಿಗಿಳಿದರೆ, ಕೋಲು ನೆಟ್ಟು ಬಲೆ ಸುತ್ತಿದ ಸಣ್ಣ ಆವರಣಗಳು ಕಾಣಬಹುದು. ಒಂದೊಂದರ ಅಡಿಯಲ್ಲೂ ಸುಮಾರು ನೂರು ಮೊಟ್ಟೆಗಳಿರುತ್ತವೆ. ಅವು ಒಡೆದು ಮರಿಯಾಗಲು 45ರಿಂದ 60 ದಿನ ಬೇಕು. ಬೆಳಿಗ್ಗೆ ಬೇಗ ಹೋದವರಿಗೆ ಅದೃಷ್ಟವಿದ್ದರೆ, ತಾಯಿ ಆಮೆ ನೀರಿನಿಂದ ಮೇಲಕ್ಕೆ ತೆವಳಿ ಹಿಂದಿರುಗಿದ ಗುರುತು ಟ್ರ್ಯಾಕ್ಟರಿನ ಗಾಲಿಯ ಜಾಡಿನಂತೆ ಮರಳಿನ ಮೇಲೆ ಕಾಣುತ್ತದೆ. ಮಕ್ಕಳಿಗೆ ಅದನ್ನು ತಪ್ಪದೇ ತೋರಿಸಿ.

ರಾತ್ರಿ ನೀವಾಗಿಯೇ ಹುಡುಕಿಕೊಂಡು ಹೋಗುವುದು ಬೇಡ. ಬೆಳಕು, ಓಡಾಟ ಕಂಡರೆ ಆಮೆ ಮೊಟ್ಟೆಯಿಡದೆ ಕಡಲಿಗೆ ಮರಳಿಬಿಡುತ್ತದೆ. ಮರಿಗಳಂತೂ ಕಡಲ ಮೇಲಿನ ಮಂದ ಬೆಳಕನ್ನೇ ನಂಬಿ ನೀರಿನತ್ತ ನಡೆಯುತ್ತವೆ. ಹಿಂದಿನಿಂದ ಟಾರ್ಚ್ ಅಥವಾ ಮೊಬೈಲಿನ ಬೆಳಕು ಬಿದ್ದರೆ ದಿಕ್ಕು ತಪ್ಪಿ ನಾಯಿ, ಕಾಗೆಗಳ ಬಾಯಿಗೆ ಬೀಳುತ್ತವೆ. ಇವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಜೀವಿಗಳು, ಮುಟ್ಟಬೇಡಿ; ಹಿಡಿಯುವುದು, ಮೊಟ್ಟೆಗಳನ್ನು ಕದಲಿಸುವುದು ಅಪರಾಧ. ನೋಡಲೇಬೇಕೆನಿಸಿದರೆ ಕಾವಲಿನವರನ್ನು ಕೇಳಿ, ಅವರು ಹೇಳಿದಂತೆ ನಡೆದುಕೊಳ್ಳಿ.

ಉತ್ತರ (ವಾಸ್ಕೋದಿಂದ):
ಮೇಲಿನವರ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಮಕ್ಕಳ ಸ್ನಾನದ ವಿಚಾರದಲ್ಲಿ ಇನ್ನೂ ಗಟ್ಟಿಯಾಗಿ ಹೇಳುತ್ತೇನೆ: ಗಾಲ್ಜಿಬಾಗದಲ್ಲಿ ನದಿ ಸಮುದ್ರ ಸೇರುವ ಕಡೆ ಸೆಳೆತವಿರುತ್ತದೆ, ಅಲ್ಲಿ ಮೊಣಕಾಲು ನೀರಿಗೂ ಇಳಿಸಬೇಡಿ. ಪಾಲೋಲೆಂ ಅರ್ಧಚಂದ್ರಾಕಾರದ ಕೊಲ್ಲಿಯಾದ್ದರಿಂದ ಅಲೆ ಕಡಿಮೆ, ಆಳವೂ ನಿಧಾನವಾಗಿ ಹೆಚ್ಚುತ್ತದೆ. ಮಕ್ಕಳಿಗೆ ಅದೇ ಸರಿ.

ಪುಣೆಯಿಂದ ಗೋವಾ ಎಕ್ಸ್‌ಪ್ರೆಸ್ ಬೆಳಗಾವಿ, ಲೋಂಡಾ ಮಾರ್ಗವಾಗಿ ಮಡಗಾಂವ್‌ಗೆ ಬರುತ್ತದೆ. ಅಲ್ಲಿಂದ ಕಾಣಕೋಣಕ್ಕೆ ಕೊಂಕಣ ರೈಲ್ವೆಯ ಗಾಡಿಗಳೂ ಕದಂಬ ಬಸ್ಸುಗಳೂ ಇವೆ. ಅಮ್ಮನವರು ಜೊತೆಗಿರುವುದರಿಂದ ಮಡಗಾಂವ್‌ನಿಂದಲೇ ಟ್ಯಾಕ್ಸಿ ಮಾಡಿಕೊಂಡರೆ ಹತ್ತಿಳಿಯುವ ಕಷ್ಟ ತಪ್ಪುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಅನಂತ ಧನ್ಯವಾದಗಳು. ಪಾಲೋಲೆಂನಲ್ಲೇ ಕೋಣೆ ನೋಡುತ್ತೇವೆ. ಅಮ್ಮನಿಗೆ ಮರಳಿನಲ್ಲಿ ಹೆಚ್ಚು ನಡೆಯಲಾಗದು. ಅವರಿಗಾಗಿ ಹತ್ತಿರದಲ್ಲಿ ಬೇರೆ ಸ್ಥಳವಿದೆಯೇ?

ಉತ್ತರ (ಮಡಗಾಂವ್‌ನಿಂದ):
ಕುಶಾವತಿ ನದಿಯ ದಡದ ಪರ್ತಗಾಳಿ ಮಠಕ್ಕೂ, ಶ್ರೀಸ್ಥಳದ ಮಲ್ಲಿಕಾರ್ಜುನ ದೇವಸ್ಥಾನಕ್ಕೂ ಕರೆದುಕೊಂಡು ಹೋಗಿ. ಎರಡೂ ಕಾಣಕೋಣ ತಾಲ್ಲೂಕಿನಲ್ಲೇ ಇವೆ. ಗಾಲ್ಜಿಬಾಗದಲ್ಲಿ ಗಾಳಿಮರಗಳ ನೆರಳಿನಲ್ಲಿ ಕುಳಿತೇ ಅವರು ಕಡಲು ನೋಡಬಹುದು. ಮಡಚುವ ಕುರ್ಚಿಯೊಂದನ್ನು ಗಾಡಿಯಲ್ಲಿ ಇಟ್ಟುಕೊಂಡು ಬನ್ನಿ, ಕುಡಿಯುವ ನೀರನ್ನೂ ತನ್ನಿ. ತೀರದಲ್ಲಿ ಅಂಗಡಿಗಳು ತೀರಾ ಕಡಿಮೆ.