ಪಂಪಿನ ಆಯಸ್ಸು ಹದಿನೈದು ವರ್ಷ, ಕಂಪೈಲರಿನ ಆಯಸ್ಸು ಎಷ್ಟು?

ಕೃಷ್ಣಾತೀರ, ಭೋಸರಿ
ಪುಣೆ, ಮುಂಬಯಿ, ಗೋವೆಗಳಲ್ಲಿ ಎಂಬೆಡೆಡ್ (ಯಂತ್ರದೊಳಗಿನ ಚಿಪ್ಪಿಗೆ ಕೋಡ್ ಬರೆಯುವ) ಕೆಲಸ ಮಾಡುವ ಕನ್ನಡಿಗರ ಅಭಿಪ್ರಾಯ ಬೇಕಾಗಿದೆ. ನಮ್ಮದು ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಸಣ್ಣ ಘಟಕ. ಬೋರ್‌ವೆಲ್ ಪಂಪಿನ ಸ್ಟಾರ್ಟರ್ ಪೆಟ್ಟಿಗೆಯೊಳಗೆ ಕೂರುವ ನಿಯಂತ್ರಕ ಬೋರ್ಡುಗಳನ್ನು ತಯಾರಿಸುತ್ತೇವೆ. ಇಷ್ಟು ವರ್ಷ 8051 ಜಾತಿಯ ಚಿಪ್ಪಿನಲ್ಲೇ ಎಲ್ಲ ನಡೆಯಿತು. ಈಗ ಸೌರ ಪಂಪಿನ ಮೋಟಾರನ್ನು ನೇರವಾಗಿ ನಡೆಸುವ ಹೊಸ ಬೋರ್ಡ್ ಬರಲಿದೆ, ಅದರ ಚಿಪ್ ಆರ್ಮ್ ಕಂಪನಿಯ ವಿನ್ಯಾಸದ ಕಾರ್ಟೆಕ್ಸ್-ಎಂ4. ನಾವು ಬರೆದ ಕೋಡನ್ನು ಚಿಪ್ಪಿನ ಭಾಷೆಗೆ ಇಳಿಸುವ ಕಂಪೈಲರನ್ನು ಹಣ ಕೊಟ್ಟು ಕೊಳ್ಳಬೇಕೆ, ಉಚಿತವಾಗಿ ಸಿಗುವ ಜಿಸಿಸಿ ಕಂಪೈಲರ್ ಸಾಕೆ ಎಂದು ಮಾಲೀಕರು ನನ್ನನ್ನು ಕೇಳಿದ್ದಾರೆ.

ನನ್ನ ಆತಂಕದ ಕಾರಣ ಹೇಳುತ್ತೇನೆ. ಹಳೆಯ ಬೋರ್ಡಿನ ಕೋಡ್ ಕಂಪೈಲ್ ಆಗಬೇಕಾದರೆ ಕಂಪ್ಯೂಟರಿನ ಪ್ಯಾರಲಲ್ ಪೋರ್ಟಿಗೆ ಸಿಕ್ಕಿಸುವ ಡಾಂಗಲ್ (ಪರವಾನಗಿಯ ಕೀಲಿ) ಬೇಕು. ಆ ಪೋರ್ಟ್ ಇರುವ ಕಂಪ್ಯೂಟರ್ ನಮ್ಮಲ್ಲಿ ಒಂದೇ ಉಳಿದಿದೆ. ಮಾರಿದವರು ಆ ಆವೃತ್ತಿಯನ್ನು ಕೈಬಿಟ್ಟಿದ್ದಾರೆ. ಸಾಂಗಲಿ, ಅಥಣಿ ಕಡೆಯ ಹೊಲಗಳಲ್ಲಿ ಆ ಬೋರ್ಡುಗಳು ಇಂದಿಗೂ ನೀರೆತ್ತುತ್ತಿವೆ. ನಾಳೆ ಒಂದು ದೋಷ ತಿದ್ದಬೇಕಾಗಿ ಬಂದು, ಆ ಕಂಪ್ಯೂಟರ್ ಏಳದಿದ್ದರೆ ರೈತನಿಗೆ ಏನೆಂದು ಹೇಳಲಿ?

ಹಳೆಬೆಸುಗೆ, ಕೊಥ್ರುಡ್
ಮೇಡಂ, ನಿಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳಿವೆ. ಕಂಪೈಲರ್ ಯಾವುದು ಎಂಬುದು ಒಂದು, ಚಿಪ್ಪಿನೊಳಗೆ ನಡೆಯುತ್ತಿರುವುದನ್ನು ನೋಡುವುದು ಹೇಗೆ ಎಂಬುದು ಇನ್ನೊಂದು. ನನ್ನ ಅನುಭವದಲ್ಲಿ ಸಮಯ ತಿನ್ನುವುದು ಎರಡನೆಯದು.

ಇಂಟೆಲ್ 1980ರಲ್ಲಿ 8051 ತಂದಾಗ ಅದರಲ್ಲಿ ಇದ್ದದ್ದು ಪ್ರೋಗ್ರಾಂ ಇಡುವ 4 ಕಿಲೋಬೈಟ್ ರೋಮ್. ಕೆಲಸದ ರ‍್ಯಾಮ್ ಬರೀ 128 ಬೈಟ್. ಅಭಿವೃದ್ಧಿಗೆ ಬಳಸುತ್ತಿದ್ದ 8751ರ ನೆತ್ತಿಯ ಮೇಲೆ ಸ್ಫಟಿಕದ ಕಿಟಕಿ ಇರುತ್ತಿತ್ತು. ಒಂದು ಸಾಲು ಬದಲಿಸಬೇಕೆಂದರೂ ಚಿಪ್ಪನ್ನು ಸಾಕೆಟ್ಟಿನಿಂದ ಕಿತ್ತು, ನೇರಳಾತೀತ ದೀಪದ ಕೆಳಗೆ ಸುಮಾರು ಇಪ್ಪತ್ತು ನಿಮಿಷ ಇಟ್ಟು ಅಳಿಸಿ, ಪ್ರೋಗ್ರಾಮರ್‌ನಲ್ಲಿ ಮತ್ತೆ ಬರೆದು, ಮತ್ತೆ ಕೂರಿಸಬೇಕು. ಒಂದು ಅಳಿಯುತ್ತಿರುವಾಗ ಇನ್ನೊಂದನ್ನು ಬಳಸಲೆಂದು ಬುಧವಾರ ಪೇಠೆಯ ಪಾಸೋಡ್ಯಾ ವಿಠೋಬಾ ಹತ್ತಿರದ ಅಂಗಡಿಗಳಿಂದ ಹೆಚ್ಚುವರಿ ಚಿಪ್ಪುಗಳನ್ನು ತರುತ್ತಿದ್ದೆವು. ಆ ನಿಧಾನವೇ ಒಂದು ಶಿಸ್ತು ಕಲಿಸಿತು. ಬರೆಯುವ ಮೊದಲು ಕಾಗದದ ಮೇಲೆ ಕೋಡನ್ನು ಓಡಿಸಿ ನೋಡುತ್ತಿದ್ದೆವು.

ಹಣವಂತ ಕಂಪನಿಗಳಲ್ಲಿ ಎಮ್ಯುಲೇಟರ್ ಇರುತ್ತಿತ್ತು. 8080ಕ್ಕಾಗಿ ಇಂಟೆಲ್ 1975ರಲ್ಲೇ ಅಂಥದನ್ನು ತಂದಿತ್ತು. ಚಿಪ್ ಕೂರುವ ಜಾಗಕ್ಕೆ ಕೇಬಲ್ಲಿನ ತುದಿಯನ್ನು ಕೂರಿಸಿದರೆ ಪೆಟ್ಟಿಗೆಯೇ ಪ್ರೊಸೆಸರ್ ಆಗಿ ನಡೆದುಕೊಳ್ಳುತ್ತಿತ್ತು. ಬೇಕಾದಲ್ಲಿ ನಿಲ್ಲಿಸಬಹುದು, ರಿಜಿಸ್ಟರ್ (ಪ್ರೊಸೆಸರಿನೊಳಗಿನ ಚಿಕ್ಕ ನೆನಪಿನ ಗೂಡು) ನೋಡಬಹುದು. ಆದರೆ ಚಿಪ್ ಬದಲಾದರೆ ಪೆಟ್ಟಿಗೆಯೂ ಬದಲಾಗಬೇಕು, ಗಡಿಯಾರದ ವೇಗ ಏರಿದಂತೆ ಆ ಕೇಬಲ್ಲೇ ತೊಡಕಾಯಿತು.

ಆಮೇಲಿನ ತಿರುವು ನನಗೆ ಇಂದಿಗೂ ಅಚ್ಚರಿ. 1990ರ ಜೆಟ್ಯಾಗ್ ಮಾನದಂಡ, ಐಇಇಇ 1149.1, ಹುಟ್ಟಿದ್ದು ಬೋರ್ಡಿನ ಬೆಸುಗೆ ಸರಿಯಾಗಿದೆಯೇ ಎಂದು ಪರೀಕ್ಷಿಸಲು. ಅದೇ ತಂತಿಗಳ ಮೂಲಕ ಪ್ರೊಸೆಸರಿನ ಒಳಗನ್ನು ನೋಡುವ ವ್ಯವಸ್ಥೆ ಬೆಳೆಯಿತು. 2004ರಲ್ಲಿ ಪ್ರಕಟವಾದ ಕಾರ್ಟೆಕ್ಸ್-ಎಂ3ರಲ್ಲಿ ಬ್ರೇಕ್‌ಪಾಯಿಂಟಿನ, ಅಂದರೆ ಕೋಡನ್ನು ಬೇಕಾದ ಸಾಲಿನಲ್ಲಿ ನಿಲ್ಲಿಸುವ, ಯಂತ್ರಾಂಗ ಚಿಪ್ಪಿನೊಳಗೇ ಇತ್ತು, ಹೊರಗೆ ಬೇಕಾದದ್ದು ಎರಡು ತಂತಿಯ ಎಸ್‌ಡಬ್ಲ್ಯುಡಿ ಸಂಪರ್ಕ ಮಾತ್ರ. ಹಿಂದೆ ದೊಡ್ಡ ಕಂಪನಿಗೆ ಮಾತ್ರ ನಿಲುಕುತ್ತಿದ್ದ ಶಕ್ತಿ ಇಂದು ಡಿಪ್ಲೊಮಾ ವಿದ್ಯಾರ್ಥಿಯ ಮೇಜಿನ ಮೇಲಿದೆ. ನಿಮ್ಮ ಮಾಲೀಕರು ಹಣ ಹಾಕುವುದಾದರೆ ಚಿಪ್ಪನ್ನು ಕಂಪ್ಯೂಟರಿಗೆ ಜೋಡಿಸಿ ಒಳಗನ್ನು ತೋರಿಸುವ ಒಳ್ಳೆಯ ಡೀಬಗ್ ಪ್ರೋಬ್ ಮತ್ತು ವಿದ್ಯುತ್ ಸಂಕೇತಗಳನ್ನು ತೋರಿಸುವ ಒಳ್ಳೆಯ ಆಸಿಲೋಸ್ಕೋಪಿಗೆ ಹಾಕಲಿ.

ಚಾಕಣ್ ಪಾಳಿ
ಹಳೆಬೆಸುಗೆ ಸರ್ ಅವರ ಇತಿಹಾಸಕ್ಕೆ ನಮಸ್ಕಾರ. ತೀರ್ಮಾನವನ್ನು ಒಪ್ಪುವುದಿಲ್ಲ. ನಾನು ವಾಹನಗಳ ಬ್ರೇಕ್ ನಿಯಂತ್ರಕದ ತಂಡದಲ್ಲಿದ್ದೇನೆ. ಐಎಸ್‌ಒ 26262 ಎಂಬ ವಾಹನ ಸುರಕ್ಷತೆಯ ಮಾನದಂಡ ಬಂದದ್ದು 2011ರಲ್ಲಿ. ಬಳಸಿದ ಉಪಕರಣ ತಪ್ಪು ಕೋಡ್ ಹುಟ್ಟಿಸಿದರೆ ಅದನ್ನು ಹೇಗೆ ಪತ್ತೆ ಹಚ್ಚುತ್ತೀರಿ ಎಂದು ಅದು ಕೇಳುತ್ತದೆ. ಪ್ರಮಾಣಪತ್ರದ ಜೊತೆ ಬರುವ ಕಂಪೈಲರ್ ಕೊಂಡರೆ ಉತ್ತರದ ಬಹುಭಾಗ ಅದರ ಕೈಪಿಡಿಯಲ್ಲೇ ಇರುತ್ತದೆ. ತಿಳಿದ ದೋಷಗಳ ಪಟ್ಟಿಯನ್ನೂ ಕೊಡುತ್ತಾರೆ. ಜಿಸಿಸಿಯಾದರೆ ಆ ಸಾಕ್ಷ್ಯವನ್ನೆಲ್ಲ ನೀವೇ ಕಲೆಹಾಕಬೇಕು. ನಿಮ್ಮಂಥ ಸಣ್ಣ ಘಟಕಕ್ಕೆ ಅದು ಸಾಧ್ಯವೇ? ಉಚಿತ ಎನ್ನುವುದು ಡೌನ್‌ಲೋಡಿನ ಬೆಲೆ ಮಾತ್ರ.

ವೆರ್ಣಾ, ಗೋವೆ
ಚಾಕಣ್ ಪಾಳಿ ಅವರೇ, ಮೇಡಂ ಅವರ ಪಂಪಿಗೆ 26262 ಅನ್ವಯಿಸುವುದಿಲ್ಲ. ಮುಕ್ತ ಆಕರ (ಓಪನ್ ಸೋರ್ಸ್) ಮತ್ತು ಪ್ರಮಾಣಪತ್ರ ಒಂದಕ್ಕೊಂದು ಎದುರಾಳಿಗಳೂ ಅಲ್ಲ. ರಸ್ಟ್ ಭಾಷೆಯ ಫೆರೋಸೀನ್ ಕಂಪೈಲರ್ 2023ರಲ್ಲಿ ಅದೇ 26262ಕ್ಕೆ ಅರ್ಹತೆ ಪಡೆಯಿತು, ಅದರ ಆಕರ ಎಲ್ಲರಿಗೂ ತೆರೆದಿದೆ.

ಹಣ ಕೊಟ್ಟರೆ ಸ್ಥಿರತೆ ಸಿಗುತ್ತದೆ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. 8051ಗೆ ಸಿ ಭಾಷೆ ತಂದು ನಮ್ಮ ಕಾಲೇಜುಗಳವರೆಗೂ ಹೆಸರಾದ ಜರ್ಮನಿಯ ಕೈಲ್ ಕಂಪನಿಯನ್ನು 2005ರಲ್ಲಿ ಆರ್ಮ್ ಕೊಂಡುಕೊಂಡಿತು. ಆಮೇಲೆ ಆರ್ಮ್ ತನ್ನ ಕಂಪೈಲರನ್ನೇ ಬದಲಿಸಿತು. ಆರನೆಯ ಆವೃತ್ತಿ ನಿಂತಿರುವುದು ಮುಕ್ತ ಆಕರದ ಎಲ್‌ಎಲ್‌ವಿಎಂ ಎಂಬ ಕಂಪೈಲರ್ ಚೌಕಟ್ಟಿನ ಮೇಲೆ. ಐದರಲ್ಲಿ ಬರೆದ ಇನ್‌ಲೈನ್ ಅಸೆಂಬ್ಲಿಯನ್ನು (ಸಿ ಕೋಡಿನ ನಡುವೆ ಚಿಪ್ಪಿನದೇ ಆಜ್ಞೆಗಳಲ್ಲಿ ಬರೆದ ಸಾಲುಗಳನ್ನು) ಎಷ್ಟೋ ತಂಡಗಳು ಕೂತು ತಿದ್ದಬೇಕಾಯಿತು. ನಾನು ಅವರನ್ನು ದೂರುತ್ತಿಲ್ಲ, ಹೊಸದು ಒಳ್ಳೆಯ ಕಂಪೈಲರೇ. ಆದರೆ ಬದಲಾವಣೆಯ ದಿನಾಂಕವನ್ನು ನಿರ್ಧರಿಸಿದ್ದು ಬಳಸುವವರಲ್ಲ.

ಡೊಂಬಿವಲಿ ಮೇಷ್ಟ್ರು
ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವವನ ಮಾತೂ ಇರಲಿ. 2005ರಲ್ಲಿ ಇಟಲಿಯಲ್ಲಿ ಕಲಿಯುವವರಿಗಾಗಿ ಆರ್ಡುಯಿನೋ ಎಂಬ ಸರಳ ಬೋರ್ಡ್ ಹುಟ್ಟಿದ್ದು ದೊಡ್ಡ ಘಟನೆ ಎಂದು ನಾನು ನಂಬಿದ್ದೇನೆ. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಂದ ಬೋರ್ಡ್ ತಂದ ಹುಡುಗಿ ಅಂದು ಸಂಜೆಯೇ ಎಲ್‌ಇಡಿ ಮಿನುಗಿಸುತ್ತಾಳೆ. ಸರ್ಕಾರಿ ಸಂಸ್ಥೆ ಸಿ-ಡ್ಯಾಕ್ ತಿರುವನಂತಪುರದಲ್ಲಿ ರೂಪಿಸಿದ ವೇಗಾ ಪ್ರೊಸೆಸರಿನ ಏರೀಸ್ ಬೋರ್ಡನ್ನೂ ಅದೇ ಪರಿಸರದಿಂದ ಬಳಸಬಹುದು. ರಿಸ್ಕ್-ಫೈವ್ ಎಂಬ ಮುಕ್ತ ವಿನ್ಯಾಸದ ನಮ್ಮ ದೇಶದ ಚಿಪ್ ನಮ್ಮ ಮಕ್ಕಳ ಕೈಗೆ ಬಂದದ್ದು ಈ ಸಲಕರಣೆಗಳ ದೆಸೆಯಿಂದಲೇ.

ಹಳೆಬೆಸುಗೆ, ಕೊಥ್ರುಡ್
ಮೇಷ್ಟ್ರೇ, ಸಂತೋಷದ ವಿಷಯ. ಆದರೆ ಕೆಲಸಕ್ಕೆ ಸೇರಲು ಬರುವವರಲ್ಲಿ ಬಹಳ ಮಂದಿಗೆ ಕೋಡಿನಿಂದ ಸಂದೇಶ ಪ್ರಿಂಟ್ ಮಾಡಿ ನೋಡುವುದೇ ಏಕೈಕ ಅಸ್ತ್ರ. ಮೋಟಾರಿನ ಕೆಲಸದಲ್ಲಿ ಅದು ದಾರಿ ತಪ್ಪಿಸುತ್ತದೆ. ಲೆಕ್ಕ ಹಾಕಿ. 115200 ಬಾಡ್ (ಸೆಕೆಂಡಿಗೆ ಅಷ್ಟು ಬಿಟ್) ವೇಗದಲ್ಲಿ ಒಂದು ಅಕ್ಷರ ಹೊರಹೋಗಲು ಸುಮಾರು 87 ಮೈಕ್ರೋಸೆಕೆಂಡು ಬೇಕು. ಮೋಟಾರಿಗೆ ವಿದ್ಯುತ್ತನ್ನು ತುಣುಕು ತುಣುಕಾಗಿ ಕೊಡುವ 16 ಕಿಲೋಹರ್ಟ್ಸ್ ಪಿಡಬ್ಲ್ಯುಎಂನ ಒಂದು ಆವರ್ತ 62.5 ಮೈಕ್ರೋಸೆಕೆಂಡು. ಅಂದರೆ, ಅಕ್ಷರ ಹೊರಹೋಗುವವರೆಗೂ ಕಾಯುವ ಪ್ರಿಂಟ್ ಬರೆದರೆ, ಒಂದೇ ಅಕ್ಷರದ ಅವಧಿಯಲ್ಲಿ ಒಂದು ಇಡೀ ಆವರ್ತ ಕಳೆದುಹೋಗುತ್ತದೆ. ನೋಡಲು ಹೋದ ದೋಷವೇ ರೂಪ ಬದಲಿಸುತ್ತದೆ.

ಬ್ರೇಕ್‌ಪಾಯಿಂಟ್ ಇನ್ನೂ ಅಪಾಯಕಾರಿ. ಪ್ರೊಸೆಸರ್ ನಿಂತರೂ ಟೈಮರ್ ತನ್ನ ಪಾಡಿಗೆ ಓಡುತ್ತಿದ್ದರೆ, ಕೊನೆಯ ಬಾರಿ ಕೊಟ್ಟ ಡ್ಯೂಟಿಯಲ್ಲೇ (ಆನ್ ಇರುವ ಕಾಲದ ಪಾಲಿನಲ್ಲೇ) ಮೋಟಾರಿನ ಸ್ವಿಚ್ಚಾದ ಮಾಸ್‌ಫೆಟ್ ತೆರೆದು ಮುಚ್ಚುತ್ತಿರುತ್ತದೆ. ಸುರುಳಿಯಲ್ಲಿ ವಿದ್ಯುತ್ ಏರುತ್ತದೆ, ಮಾಸ್‌ಫೆಟ್ ಸುಟ್ಟುಹೋಗಬಹುದು. ಡೀಬಗರ್ ನಿಲ್ಲಿಸಿದಾಗ ಟೈಮರ್ ಕೂಡ ನಿಲ್ಲಲಿ ಎಂಬ ಹೊಂದಿಕೆ ಎಸ್‌ಟಿಎಂ32ರಂಥ ಚಿಪ್ಪುಗಳಲ್ಲಿ ಇದೆ. ಮೊದಲ ದಿನವೇ ಅದನ್ನು ಹಚ್ಚಿ, ಗೇಟ್ ಸಂಕೇತಗಳು ನಿಜವಾಗಿ ಆರುತ್ತವೆಯೇ ಎಂದು ಸ್ಕೋಪಿನಲ್ಲಿ ನೋಡಿ. ಸಂದೇಶ ಬೇಕಾದರೆ ರ‍್ಯಾಮಿನ ಒಂದು ಬಫರಿಗೆ ಬರೆಯಿರಿ, ಪ್ರೋಬ್ ಅದನ್ನು ಹಿನ್ನೆಲೆಯಲ್ಲಿ ಓದಿಕೊಳ್ಳುತ್ತದೆ. ಕೆಲವೇ ಮೈಕ್ರೋಸೆಕೆಂಡಿನಲ್ಲಿ ಕೆಲಸ ಮುಗಿಯುತ್ತದೆ.

ಡೊಂಬಿವಲಿ ಮೇಷ್ಟ್ರು
ಈ ಲೆಕ್ಕವನ್ನು ಪಾಠದಲ್ಲಿ ಬಳಸಿಕೊಳ್ಳುತ್ತೇನೆ ಸರ್. ಮೊದಲ ವರ್ಷಕ್ಕೆ ಆರ್ಡುಯಿನೋ, ಮೂರನೆಯ ವರ್ಷಕ್ಕೆ ಜಿಡಿಬಿ ಮತ್ತು ಓಪನ್‌ಒಸಿಡಿ ಎಂಬ ಡೀಬಗ್ ಸಲಕರಣೆಗಳು ಎಂಬುದು ನನ್ನ ನಿಲುವು. ಬಾಗಿಲು ಕಿರಿದಾದರೆ ಒಳಗೆ ಬರುವವರೇ ಇರುವುದಿಲ್ಲ.

ಕೃಷ್ಣಾತೀರ, ಭೋಸರಿ
ಎಲ್ಲರಿಗೂ ಧನ್ಯವಾದ. ಟೈಮರಿನ ವಿಷಯ ನಮ್ಮನ್ನು ದೊಡ್ಡ ನಷ್ಟದಿಂದ ಉಳಿಸಬಹುದು. ಒಂದು ಸಂದೇಹ: 8051 ಕಾಲದಲ್ಲಿ ಜಿಸಿಸಿಯ ಮಾತೇ ಏಳುತ್ತಿರಲಿಲ್ಲ. ಈಗ ಎಲ್ಲರೂ ಅದನ್ನೇ ಏಕೆ ಹೇಳುತ್ತಾರೆ?

ವೆರ್ಣಾ, ಗೋವೆ
ಬದಲಾದದ್ದು ಚಿಪ್ಪು ಮೇಡಂ. ಫಂಕ್ಷನ್ನುಗಳು ತಾತ್ಕಾಲಿಕ ಲೆಕ್ಕ ಇಡುವ ಸ್ಟ್ಯಾಕಿಗೆ 8051ರಲ್ಲಿ ತೀರ ಕಡಿಮೆ ಜಾಗ. ಹಾಗಾಗಿ ಒಟ್ಟಿಗೆ ಓಡದ ಫಂಕ್ಷನ್ನುಗಳ ಸ್ಥಳೀಯ ಚಲಕಗಳನ್ನು (ವೇರಿಯಬಲ್) ಒಂದೇ ವಿಳಾಸದಲ್ಲಿ ಹಂಚುವ ಜಾಣ್ಮೆ, ಕೋಡಿನ ತುಣುಕುಗಳನ್ನು ಜೋಡಿಸುವ ಲಿಂಕರಿಗೆ ಬೇಕಿತ್ತು. ಡೇಟಾ, ಐಡೇಟಾ, ಎಕ್ಸ್‌ಡೇಟಾ ಎಂದು ಮೆಮೊರಿಯ ಜಾತಿಯನ್ನೂ ಬರೆಯಬೇಕಿತ್ತು. ಸಾಮಾನ್ಯ ಕಂಪೈಲರಿಗೆ ಒಗ್ಗದ ಯಂತ್ರ ಅದು. ಮುಕ್ತ ಆಕರದ ಎಸ್‌ಡಿಸಿಸಿಯನ್ನು ಇಂಥ ಚಿಕ್ಕ ಚಿಪ್ಪುಗಳಿಗಾಗಿಯೇ ಬರೆದರು, ಆದರೆ ಕೈಲ್‌ಗೆ ಬರೆದ ಕೋಡ್ ಅದರಲ್ಲಿ ಹಾಗೆಯೇ ಓಡುವುದಿಲ್ಲ.

ಕಾರ್ಟೆಕ್ಸ್-ಎಂ ರಚನೆಯಾದದ್ದೇ ಸಿ ಭಾಷೆಯನ್ನು ಮನಸ್ಸಿನಲ್ಲಿಟ್ಟುಕೊಂಡು. ಇಂಟರಪ್ಟ್ (ನಡೆಯುತ್ತಿರುವ ಕೆಲಸ ತಡೆದು ಬರುವ ತುರ್ತು ಕರೆ) ಬಂದ ಕೂಡಲೇ ಯಂತ್ರಾಂಗವೇ ಎಂಟು ರಿಜಿಸ್ಟರುಗಳನ್ನು ಸ್ಟ್ಯಾಕಿನಲ್ಲಿ ಉಳಿಸುತ್ತದೆ, ಆದ್ದರಿಂದ ಇಂಟರಪ್ಟ್ ಹ್ಯಾಂಡ್ಲರ್ ಸಾಮಾನ್ಯ ಸಿ ಫಂಕ್ಷನ್ ಆಗಿರಬಹುದು. ಅಸೆಂಬ್ಲಿಯ ಒಂದು ಸಾಲೂ ಬೇಕಾಗಿಲ್ಲ. ಯಂತ್ರ ಹೀಗೆ ಸರಳವಾದಾಗ ವಿಶೇಷ ಕಂಪೈಲರಿನ ಹಿಡಿತ ಸಡಿಲವಾಯಿತು. ಕಾರ್ಟೆಕ್ಸ್-ಎಂಗೆ ಸಿದ್ಧಪಡಿಸಿದ ಜಿಸಿಸಿಯನ್ನು ಆರ್ಮ್ ಕಂಪನಿಯೇ ಬಿಡುಗಡೆ ಮಾಡುತ್ತದೆ.

ಚಾಕಣ್ ಪಾಳಿ
ಇದನ್ನು ಒಪ್ಪುತ್ತೇನೆ. ಆದರೂ ಕೇಳುತ್ತೇನೆ: ಜಿಸಿಸಿಯ ಆವೃತ್ತಿಗಳೂ ಬದಲಾಗುತ್ತಲೇ ಇರುತ್ತವೆ. ಹೊಸ ಆವೃತ್ತಿ ಆಪ್ಟಿಮೈಸ್ ಮಾಡುವಾಗ, ವೊಲಟೈಲ್ (ಪ್ರತಿ ಸಲವೂ ಹೊಸದಾಗಿ ಓದು) ಎಂದು ಬರೆಯದೆ ಬಿಟ್ಟ ಚಲಕವನ್ನು ಲೂಪಿನ ಹೊರಗೆ ಒಮ್ಮೆ ಮಾತ್ರ ಓದಿ ಸುಮ್ಮನಾಗಬಹುದು. ನಿನ್ನೆಯವರೆಗೆ ಓಡಿದ ಪಂಪು ಇಂದು ಓಡುವುದಿಲ್ಲ. ಆಗ ಯಾರಿಗೆ ಫೋನ್ ಮಾಡುತ್ತಾರೆ?

ವೆರ್ಣಾ, ಗೋವೆ
ಆವೃತ್ತಿಯನ್ನು ಬದಲಿಸಬಾರದು ಎಂಬುದೇ ನನ್ನ ಮಾತು. ಉತ್ಪನ್ನ ಹೊರಹೋದ ದಿನದ ಕಂಪೈಲರ್, ಲಿಂಕರ್ ಸ್ಕ್ರಿಪ್ಟ್, ಚಿಪ್ ತಯಾರಕರ ಲೈಬ್ರರಿ, ಎಲ್ಲವನ್ನೂ ಕೋಡಿನ ಜೊತೆಯಲ್ಲೇ ಎತ್ತಿಡಬೇಕು. ಪರವಾನಗಿ ಸರ್ವರ್ ಉತ್ತರಿಸಲಿಲ್ಲ ಎಂದು ಜಿಸಿಸಿ ನಿಲ್ಲುವುದಿಲ್ಲ. ಅದರ ಆಕರವೂ ನಿಮ್ಮ ಡಿಸ್ಕಿನಲ್ಲಿ ಇರಬಹುದು. ಹದಿನೈದು ವರ್ಷ ಹೊಲದಲ್ಲಿ ನಿಲ್ಲುವ ವಸ್ತುವಿಗೆ ಇದಕ್ಕಿಂತ ಮುಖ್ಯವಾದ ಗುಣ ನನಗೆ ಕಾಣುವುದಿಲ್ಲ. ಫೋನ್ ಮಾಡಲು ಯಾರೂ ಇಲ್ಲ ಎಂಬ ಮಾತು ನಿಜ. ಆದರೆ ಕೃಷ್ಣಾತೀರ ಅವರಿಗೆ ಈಗ, ಹಣ ಕೊಟ್ಟು ಕೊಂಡ ಉಪಕರಣದ ವಿಷಯದಲ್ಲೂ ಯಾರಿದ್ದಾರೆ?

ಚಾಕಣ್ ಪಾಳಿ
ಪಂಪಿಗೆ ಸರಿ. ಬ್ರೇಕಿಗೆ ನಾನು ಇನ್ನೂ ಒಪ್ಪಿಲ್ಲ.

ಕೃಷ್ಣಾತೀರ, ಭೋಸರಿ
ಮಾಲೀಕರೊಂದಿಗೆ ಮಾತನಾಡಿದೆ. ಜಿಸಿಸಿ ಬಳಸುವುದು, ಉಳಿದ ಹಣದಲ್ಲಿ ಪ್ರೋಬ್ ಮತ್ತು ಸ್ಕೋಪ್ ಕೊಳ್ಳುವುದು ಎಂದು ತೀರ್ಮಾನವಾಗಿದೆ. ಎತ್ತಿಟ್ಟದ್ದು ಮುಂದೆ ನಿಜವಾಗಿ ಕೆಲಸಕ್ಕೆ ಬರುತ್ತದೆಯೇ ಎಂದು ಈಗಲೇ ಪರೀಕ್ಷಿಸುವುದು ಹೇಗೆ?

ವೆರ್ಣಾ, ಗೋವೆ
ಎತ್ತಿಟ್ಟ ಪ್ರತಿಯನ್ನು ಅಂತರಜಾಲವಿಲ್ಲದ ಬೇರೊಂದು ಕಂಪ್ಯೂಟರಿನಲ್ಲಿ ಬಿಚ್ಚಿ ಕಂಪೈಲ್ ಮಾಡಿ, ಚಿಪ್ಪಿಗೆ ಬರೆಯುವ ಎರಡೂ ಬಿನ್ ಫೈಲುಗಳ ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಹೋಲಿಸಿ. ಒಂದು ಬೈಟೂ ವ್ಯತ್ಯಾಸವಾಗಬಾರದು. ಕೋಡಿನಲ್ಲಿ ಕಂಪೈಲ್ ಆದ ದಿನ, ವೇಳೆಯನ್ನು ತುಂಬುವ ಡೇಟ್, ಟೈಮ್ ಮ್ಯಾಕ್ರೋಗಳಿದ್ದರೆ ಪ್ರತಿ ಸಲವೂ ಬೇರೆ ಫೈಲ್ ಬರುತ್ತದೆ. ತೆಗೆದುಹಾಕಿ, ಆವೃತ್ತಿ ಸಂಖ್ಯೆಯನ್ನು ಕೈಯಲ್ಲಿ ಬರೆಯಿರಿ. ಫೈಲ್ ಮ್ಯಾಕ್ರೋ ಬಳಸಿದ್ದರೆ ಫೋಲ್ಡರಿನ ಹಾದಿಯೂ ಒಳಗೆ ಸೇರಿಕೊಳ್ಳುತ್ತದೆ, ಅದಕ್ಕೆ ಜಿಸಿಸಿ 8ರಿಂದ ಫೈಲ್-ಪ್ರಿಫಿಕ್ಸ್-ಮ್ಯಾಪ್ ಎಂಬ ಆಯ್ಕೆ ಇದೆ. ಹ್ಯಾಶ್ ಹೊಂದಿದ ಮೇಲೆಯೇ ಮೊದಲ ಬೋರ್ಡನ್ನು ಸಾಂಗಲಿಗೆ ಕಳುಹಿಸಿ. ಹೊಂದದಿದ್ದರೆ ಲಿಂಕರ್ ಕೊಡುವ ಮ್ಯಾಪ್ ಫೈಲುಗಳನ್ನು (ಯಾವ ಕೋಡ್ ಎಲ್ಲಿ ಕೂತಿದೆ ಎಂಬ ಪಟ್ಟಿ) ಇಲ್ಲಿ ಹಾಕಿ, ನೋಡುತ್ತೇನೆ.