ಸಹಾಯ ಬೇಕು: ಕ್ಯಾಲ್ಸಿಯಂ ಕೊಟ್ಟರೂ ಏಳದ ಹಸುಗಳ ಕೇಸ್ ದಾಖಲೆ

ಎಲ್ಲರಿಗೂ ನಮಸ್ಕಾರ. ವೃತ್ತಿಯಲ್ಲಿರುವ ಪಶುವೈದ್ಯರಿಗಾಗಿ ಕೇಸ್ ಚರ್ಚೆಯ ತರಬೇತಿ ಸಿದ್ಧಪಡಿಸುತ್ತಿದ್ದೇವೆ. ಹಾಲು ಜ್ವರಕ್ಕೆ (ಕರು ಹಾಕುವ ಹೊತ್ತಿಗೆ ರಕ್ತದ ಕ್ಯಾಲ್ಸಿಯಂ ಕುಸಿಯುವ ರೋಗ) ಚಿಕಿತ್ಸೆ ಆದಮೇಲೂ ಮಲಗಿಯೇ ಇರುವ ಹಸು ಇದರ ವಿಷಯ. ನಿಮ್ಮ ದಾಖಲೆಗಳು ಬೇಕು.

ಕ್ಯಾಲ್ಸಿಯಂ ಕೊಡುವ ಮೊದಲೇ ರಕ್ತ ತೆಗೆದ ಕೇಸ್‌ಗಳಿದ್ದರೆ ತುಂಬಾ ಉಪಕಾರ. ಆಮೇಲೆ ತೆಗೆದರೆ ಮೂಲ ಮಟ್ಟ ಸಿಗುವುದಿಲ್ಲ. ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಬೇರ್ಪಡಿಸುವುದು ತಡವಾಗಿ ಕೆಂಪು ರಕ್ತಕಣ ಒಡೆದರೆ ರಂಜಕ, ಪೊಟ್ಯಾಸಿಯಂ ಸುಳ್ಳಾಗಿ ಏರಿ ನಿಜವಾದ ಕೊರತೆ ಮುಚ್ಚಿಹೋಗುತ್ತದೆ. ಹಾಗಾಗಿ ಸೀರಂ ಕೆಂಪಗಿತ್ತೇ ಎಂದೂ ಬರೆಯಿರಿ. ಸ್ನಾಯು ಹಾನಿಯಾದಾಗ ರಕ್ತದಲ್ಲಿ ಏರುವ ಕಿಣ್ವಗಳಲ್ಲಿ ಸಿಕೆ ಬೇಗ ಇಳಿಯುತ್ತದೆ, ಎಎಸ್‌ಟಿ ದಿನಗಟ್ಟಲೆ ಏರಿಯೇ ಇರುತ್ತದೆ. ಮಲಗಿದ ಎಷ್ಟು ಗಂಟೆಗೆ ರಕ್ತ ತೆಗೆದಿರಿ ಎಂಬುದಿಲ್ಲದೆ ಸ್ನಾಯು ಹಾನಿಯನ್ನು ಅಳೆಯಲಾಗದು.

ಕ್ಯಾಲ್ಸಿಯಂ ಎಷ್ಟು ಮಿ.ಲೀ., ಎಷ್ಟು ನಿಮಿಷದಲ್ಲಿ ಕೊಟ್ಟಿರಿ, ಆಗ ಹೃದಯ ಬಡಿತ ಹೇಗಿತ್ತು ಎಂಬುದೂ ಇರಲಿ. ರಕ್ತನಾಳಕ್ಕೆ ವೇಗವಾಗಿ ಹರಿಸಿದರೆ ಬಡಿತ ತಪ್ಪಿ ಹೃದಯವೇ ನಿಲ್ಲಬಹುದು; ಹೊಸಬರಿಗೆ ಇದನ್ನು ಕೇಸ್ ಮೂಲಕವೇ ಕಲಿಸಬೇಕು. ಹಾಸು ಎಂಥದ್ದು, ಮಗ್ಗುಲು ಎಷ್ಟು ಗಂಟೆಗೊಮ್ಮೆ ಬದಲಿಸಿದರು ಎಂಬುದನ್ನು ದಯವಿಟ್ಟು ಬಿಡಬೇಡಿ. ಗಟ್ಟಿ ನೆಲದಲ್ಲಿ ಒಂದೇ ಮಗ್ಗುಲಿಗೆ ಬಿದ್ದಿದ್ದರೆ ಕೆಲವೇ ಗಂಟೆಗಳಲ್ಲಿ ಕೆಳಗಿನ ಕಾಲಿನ ಸ್ನಾಯು, ನರ ಎರಡೂ ಕೆಡುತ್ತವೆ.

ಸತ್ತ ಹಸುಗಳ ದಾಖಲೆಯೂ ಬೇಕು. ಮಾಲೀಕರ ಹೆಸರು ಅಳಿಸಿ ಕಳುಹಿಸಿ. ಹಿಂಗಾಲಿನ ನರ ಪರೀಕ್ಷೆ ಕಲಿಸಬಲ್ಲವರಿದ್ದರೆ ತಿಳಿಸಿ.