ಮಗಳನ್ನು ನೋಡಲು ಹಾಸನದಿಂದ ಹುಬ್ಬಳ್ಳಿಗೆ: ಬಸ್ ಖರ್ಚನ್ನು ಜೀವನಾಂಶದಲ್ಲಿ ಹಿಡಿದುಕೊಳ್ಳಬಹುದಾ?

ಹಾಸನದ ಅಪ್ಪ:
ನಮಸ್ಕಾರ. ಹೆಂಡತಿ ಮಗಳ ಜೊತೆ ಹುಬ್ಬಳ್ಳಿಯ ತವರಿನಲ್ಲಿದ್ದಾಳೆ, ನಾನು ಹಾಸನದಲ್ಲಿ. ಡಿವೋರ್ಸ್ ಕೇಸ್ ಹುಬ್ಬಳ್ಳಿಯಲ್ಲೇ ನಡೆಯುತ್ತಿದೆ. ಮಗಳಿಗೆ ಏಳು ವರ್ಷ. ಅವಳಿಗೆ ತಿಂಗಳಿಗೆ 8,000 ರೂಪಾಯಿ ಕೊಡಬೇಕು, ಎರಡನೇ ಮತ್ತು ನಾಲ್ಕನೇ ಶನಿವಾರ 11ರಿಂದ 2 ಗಂಟೆವರೆಗೆ ನೋಡಬಹುದು ಅಂತ ಮಧ್ಯಂತರ ಆದೇಶ ಆಗಿದೆ. ಓಡಾಟದ ಖರ್ಚಿನ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ. ಶುಕ್ರವಾರ ಕೆಲಸ ಮುಗಿಸಿ ರಾತ್ರಿ ಬಸ್ ಹತ್ತುತ್ತೇನೆ, ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲೇ ಮುಖ ತೊಳೆದು ಶರ್ಟ್ ಬದಲಾಯಿಸಿ ಹೋಗುತ್ತೇನೆ. ಟಿಕೆಟ್, ಊಟ, ಆಟೋ, ಅವಳಿಗೊಂದು ಸಣ್ಣಪುಟ್ಟದ್ದು ಅಂತ ಒಂದು ಸಲಕ್ಕೆ ಎರಡು ಸಾವಿರ ದಾಟುತ್ತದೆ. ಸಂಬಳ 24,000. ಹೋದ ತಿಂಗಳು ಕೈಯಲ್ಲಿ ಏನೂ ಉಳಿಯದೆ 3,000 ಹಿಡಿದುಕೊಂಡು 5,000 ಕಳಿಸಿದೆ. ಈಗ ಅವರ ವಕೀಲರ ನೋಟಿಸ್ ಬಂದಿದೆ.

ಹೋಗುವುದನ್ನು ಬಿಡಲಾರೆ. ಹೋದ ಸಲ ಹೊರಡುವಾಗ ಶರ್ಟಿನ ತುದಿ ಹಿಡಿದು "ಅಪ್ಪಾ, ಮತ್ತ ಯಾವಾಗ ಬರ್ತಿ?" ಅಂದಳು. ಹಾಸನದಲ್ಲಿದ್ದಾಗ ಹೀಗೆ ಮಾತಾಡುತ್ತಿರಲಿಲ್ಲ. ಅವಳ ಮಾತು ಯಾವಾಗ ಬದಲಾಯಿತೋ ನನಗೆ ಗೊತ್ತೇ ಆಗಲಿಲ್ಲ.

ಕೋರ್ಟ್ ಕಟ್ಟೆ:
ಸರ್, ಮೊದಲು ಆ 3,000 ಇವತ್ತೇ ಕಳಿಸಿ. ಆದೇಶದಲ್ಲಿರುವ ಮೊತ್ತವನ್ನು ನಾವಾಗಿಯೇ ಕಡಿಮೆ ಮಾಡುವ ಹಾಗಿಲ್ಲ. ಅದು ಮಗುವಿನ ದುಡ್ಡು, ಬಾಕಿ ಅಂತಲೇ ಲೆಕ್ಕ. ಆದೇಶ ಯಾವ ಕಲಮಿನಡಿ ಆಗಿದೆ ನೋಡಿ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125, ಅಂದರೆ 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಬಿಎನ್‌ಎಸ್‌ಎಸ್ 144 ಆಗಿದ್ದರೆ ಬಾಕಿಗೆ ವಾರಂಟ್ ಬರಬಹುದು, ಜೈಲೂ ಆಗಬಹುದು. ಮೊತ್ತ ಬದಲಿಸಿ ಅಂತ ಕೇಳಲು ಅದರಲ್ಲೇ 146ನೇ ಕಲಂ ಇದೆ. ಹಿಂದೂ ವಿವಾಹ ಕಾಯ್ದೆಯ 26ನೇ ಕಲಮಿನಡಿ ಆಗಿದ್ದರೆ ಅದೇ ಕೋರ್ಟಿಗೆ ಅರ್ಜಿ ಹಾಕಿ, ಭೇಟಿಯ ಜಾಗ, ದಿನ, ಖರ್ಚು ಎಲ್ಲವನ್ನೂ ಕೇಳಬಹುದು. 2020ರಲ್ಲಿ ರಜನೀಶ್–ನೇಹಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಇಬ್ಬರೂ ಆದಾಯ, ಖರ್ಚಿನ ಅಫಿಡವಿಟ್ ಕೊಡಬೇಕು. ಓಡಾಟದ ಖರ್ಚನ್ನು ಅದರಲ್ಲಿ ಕಾಣಿಸಿ. ಬಸ್ ಟಿಕೆಟ್ ಒಂದನ್ನೂ ಬಿಸಾಡಬೇಡಿ.

ಚಿಕ್ಕಮಗಳೂರಿನ ಅಮ್ಮ:
ನಾನು ಆ ಕಡೆಯವಳು, ಮಗ ನನ್ನ ಜೊತೆ ಇದ್ದಾನೆ. ಅವನ ಅಪ್ಪನೂ ಒಂದು ತಿಂಗಳು ಹೀಗೇ ದುಡ್ಡು ಹಿಡಿದರು. ಸ್ಕೂಲ್ ವ್ಯಾನಿಗೆ ಕೊಡಲು ಅತ್ತಿಗೆ ಹತ್ತಿರ ಸಾಲ ಕೇಳಿದೆ, ಆ ಸಿಟ್ಟಿಗೆ ಮಗನನ್ನು ಎರಡು ಸಲ ಕಳಿಸಲಿಲ್ಲ. ಅದು ನನ್ನದೇ ತಪ್ಪು. ದುಡ್ಡು ಬರಲಿಲ್ಲ ಅಂತ ಮಗುವನ್ನು ತಡೆಯಬಾರದು, ಅವೆರಡೂ ಬೇರೆ ಬೇರೆ ಅಂತ ಮೀಡಿಯೇಷನ್‌ನಲ್ಲಿ ಬಿಡಿಸಿ ಹೇಳಿದರು. ಅಲ್ಲೇ ಕೂತು ಮಾತಾಡಿ ನಡುವಿನ ಊರಲ್ಲಿ ಸೇರುವ ಹಾಗೆ ಮಾಡಿಕೊಂಡೆವು. ನಿಮಗೆ ದಾವಣಗೆರೆ ಆಗಬಹುದಲ್ವಾ? ಶಕ್ತಿ ಯೋಜನೆ ಇರುವುದರಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಅವರಿಗೂ ಮಗಳಿಗೂ ಟಿಕೆಟ್ ಖರ್ಚಿಲ್ಲ, ನಿಮಗೂ ದಾರಿ ಅರ್ಧ ಕಡಿಮೆ. ಆದರೆ ಅವರೂ ಕೆಲಸಕ್ಕೆ ಹೋಗುತ್ತಿದ್ದರೆ ಶನಿವಾರ ರಜೆ ಸಿಗುತ್ತದಾ ಅಂತ ಮೊದಲು ಕೇಳಿ. ಸುಮ್ನೆ ವಕೀಲರ ಮೂಲಕ ನೋಟಿಸ್ ಕಳಿಸಬೇಡಿ.

ಕಡೂರು ಹುಡುಗ:
ಅರಸೀಕೆರೆಗೆ ಹೋಗಿ ಹುಬ್ಬಳ್ಳಿ ರೈಲು ಹಿಡಿಯಿರಿ ಅಣ್ಣ. ಜನರಲ್ ಬೋಗಿ ಬಸ್ಸಿಗಿಂತ ಎಷ್ಟೋ ಅಗ್ಗ. ಇನ್ನೊಂದು ಮಾತು, ತಿಂಗಳಿಗೆ ಎರಡು ಸಲ ಮೂರು ಮೂರು ಗಂಟೆಗಿಂತ ಒಂದೇ ಸಲ ಶನಿವಾರ, ಭಾನುವಾರ ಎರಡೂ ದಿನ ಕೊಡಿ ಅಂತ ಕೇಳಿ, ಉಳಿದ ವಾರ ವಿಡಿಯೋ ಕಾಲ್. ದಸರಾ ರಜೆ, ಬೇಸಿಗೆ ರಜೆಯಲ್ಲಿ ಅರ್ಧದಷ್ಟು ದಿನ ಮಗಳು ಹಾಸನದಲ್ಲಿ. ಅದನ್ನೂ ಬರವಣಿಗೆಯಲ್ಲೇ ಮಾಡಿಸಿ.

ಹಾಸನದ ಅಪ್ಪ:
ಎಲ್ಲರಿಗೂ ಥ್ಯಾಂಕ್ಸ್. ತಮ್ಮನ ಹತ್ತಿರ ತೆಗೆದುಕೊಂಡು 3,000 ಈಗಷ್ಟೇ ಹಾಕಿದೆ. ಅವಳಿಗೆ ಮೆಸೇಜ್ ಮಾಡಿ ತಪ್ಪಾಯ್ತು ಅಂತ ಬರೆದೆ, ದಾವಣಗೆರೆ ಆಗುತ್ತದಾ ಅಂತಲೂ ಕೇಳಿದೆ. "ಅಮ್ಮನ ಹತ್ರ ಕೇಳಿ ಹೇಳ್ತೀನಿ" ಅಂದಿದ್ದಾಳೆ. ಅರ್ಜಿ ಬಗ್ಗೆ ಸೋಮವಾರ ವಕೀಲರನ್ನು ನೋಡುತ್ತೇನೆ. ಈ ಶನಿವಾರ ಅಂತೂ ಅರಸೀಕೆರೆ ರೈಲಿನಲ್ಲೇ ಹೋಗುತ್ತೇನೆ.